ಎಡಕ್ಕೆ ಎರಡು ಹೆಜ್ಜೆ

ಜೂನ್ 14

ಪುಟ್ಟಿ,

ನಮ್ಮ ವಾಲಿಬಾಲ್ ತಂಡಕ್ಕೆ ಬೇರೆ ಕ್ಲಬ್ಬುಗಳಿಂದ ಇಬ್ಬರನ್ನು ಕರೆತರಲು ಸಮಿತಿ ನಿನ್ನೆ ತೀರ್ಮಾನಿಸಿತು. ಇದನ್ನು ನನಗೆ ಹೇಳಿದವರು ಕಾರ್ಯದರ್ಶಿ, ಅದೂ ಹಾಲ್‌ನ ಬಾಗಿಲಲ್ಲಿ ನಿಂತು, ಬೀಗದ ಕೈ ಕೊಡುತ್ತ. ಹದಿನಾಲ್ಕು ವರ್ಷದಲ್ಲಿ ಈ ತಂಡಕ್ಕೆ ಹೊರಗಿನವರು ಒಬ್ಬರೂ ಬಂದಿಲ್ಲ. ಎಂಟು ವರ್ಷದ ಮಕ್ಕಳನ್ನು ಸೇರಿಸಿಕೊಂಡು, ಅವರನ್ನೇ ಬೆಳೆಸಿ, ಅವರನ್ನೇ ಆಡಿಸಿದ್ದೇನೆ. ಬೇಡವೆಂದೆ. "ಸರ್, ನಿಮ್ಮ ಮಗಳೇ ಬೇರೆ ಕ್ಲಬ್ಬಿಗೆ ಹೋಗಿ ಕೂತಿದ್ದಾಳೆ. ಈಗ ಯಾವ ಬಾಯಲ್ಲಿ ಬೇಡ ಅಂತೀರಿ?" ಎಂದರು. ನಾನು ಬೀಗದ ಕೈ ತೆಗೆದುಕೊಂಡು ಒಳಗೆ ಹೋದೆ.

ಫೋನಿನಲ್ಲಿ ನನಗೆ ಅರ್ಧ ಮಾತೂ ಕೇಳಿಸುವುದಿಲ್ಲ. ಮೂವತ್ತು ವರ್ಷ ಮುಚ್ಚಿದ ಹಾಲ್‌ನಲ್ಲಿ ಸೀಟಿ ಊದಿದ ಫಲ. ಅದಕ್ಕೇ ಬರೆಯುತ್ತಿದ್ದೇನೆ, ನೀನೂ ಬರೆ. ಹೊರಡುವ ದಿನ ಬಸ್ ನಿಲ್ದಾಣದಲ್ಲಿ ನಾನು ಆಡಿದ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. "ಅಲ್ಲಿ ನಿನ್ನನ್ನ ನೋಡ್ಕೊಳ್ಳೋರು ಯಾರೂ ಇಲ್ಲ" ಎಂದದ್ದು ಆ ಕ್ಲಬ್ಬಿನ ಮೇಲಿನ ಹೊಟ್ಟೆಕಿಚ್ಚಿನಿಂದಲ್ಲ.

ಕೆಲವು ವಿಷಯ ಹೇಳಬೇಕು, ನಗಬೇಡ. ಒಂದು, ಸ್ನಾನದ ಮನೆಗೆ ಒಳಗಿನಿಂದ ಚಿಲಕ ಹಾಕಬೇಡ. ಎರಡು, ಅಲ್ಲಿ ಸೈಕಲ್ ಓಡಿಸಬೇಡ. ಮೂರು, ಒಲೆಯ ಮುಂದೆ ಒಬ್ಬಳೇ ನಿಲ್ಲಬೇಡ. ಹಾಸ್ಟೆಲಿನ ಊಟವೇ ಸಾಕು. ನಾಲ್ಕು, ಈಜುಕೊಳಕ್ಕೆ ಒಬ್ಬಳೇ ಇಳಿಯಬೇಡ. ನಿನ್ನಮ್ಮ ಹೆಗಲ ಮೇಲಿಂದ ಇಣುಕಿ, "ಇಪ್ಪತ್ತೆರಡು ವರ್ಷದವಳಿಗೆ ಬರೆಯೋ ಕಾಗದವಾ ಇದು?" ಎನ್ನುತ್ತಿದ್ದಾಳೆ. ಆದರೂ ಬರೆದಿದ್ದೇನೆ.

ನಿನ್ನ
ಅಪ್ಪ

ಜುಲೈ 2

ಅಪ್ಪ,

ಮೊದಲ ಪಂದ್ಯವನ್ನು 3–1ರಲ್ಲಿ ಗೆದ್ದೆವು. ನಾಲ್ಕನೇ ಸೆಟ್ಟಿನಲ್ಲಿ ನನ್ನನ್ನು ಹೊರಗೆ ಕೂರಿಸಿದರು. ಗೆದ್ದ ಸುದ್ದಿ ನಿಮ್ಮ ಪೇಪರಿನಲ್ಲೂ ಬಂದಿರಬಹುದು, ಕೂರಿಸಿದ್ದು ಬಂದಿರುವುದಿಲ್ಲ.

ನೀನು ಹೇಳಿದ್ದು ಅರ್ಧ ನಿಜ. ಇಲ್ಲಿ ಹನ್ನೆರಡು ಜನ, ಒಂಬತ್ತು ಕ್ಲಬ್ಬುಗಳಿಂದ ಬಂದವರು. ಒಬ್ಬರ ಮನೆಯಲ್ಲಿ ಎಷ್ಟು ಜನ ಎಂದು ಇನ್ನೊಬ್ಬರಿಗೆ ಗೊತ್ತಿಲ್ಲ. ಹೆಸರಿನ ಬದಲು ಜೆರ್ಸಿಯ ನಂಬರು, ನಾನು ಐದು. ನನ್ನ ಕೋಣೆಯಲ್ಲಿರುವವಳು ಕ್ಯಾಪ್ಟನ್, ನಾಲ್ಕು ಕ್ಲಬ್ ದಾಟಿ ಬಂದವಳು. ಮೊದಲ ದಿನವೇ ಕಪಾಟಿನ ನಡುವೆ ಬಿಳಿ ಟೇಪ್ ಅಂಟಿಸಿ, "ಈ ಕಡೆ ನಿಂದು, ಆ ಕಡೆ ನಂದು. ಜಗಳ ಆಗೋ ಮುಂಚೆನೇ ಮುಗಿಸಿಬಿಡೋಣ" ಎಂದಳು. ಆಟವೂ ಹಾಗೆಯೇ. ಅಂಕಣದಲ್ಲಿ ಆರು ಜನಕ್ಕೆ ಆರು ಜಾಗ. ನನ್ನ ಜಾಗಕ್ಕೆ ಬಂದ ಚೆಂಡು ನನ್ನದು, ಪಕ್ಕದವಳು ಅತ್ತ ತಿರುಗಿಯೂ ನೋಡುವುದಿಲ್ಲ.

ನಿನ್ನ ನಾಲ್ಕು ಕಟ್ಟಳೆಗಳನ್ನು ಅವಳಿಗೆ ಓದಿ ಹೇಳಿದೆ. "ನಿಮ್ಮಪ್ಪ ಕೋಚಾ, ಅಜ್ಜಿಯಾ?" ಎಂದಳು.

ಈಗ ನಾಲ್ಕನೇ ಸೆಟ್ಟಿನ ವಿಷಯ. ಎದುರಿನವಳು ಸರ್ವ್ ಮಾಡುವ ಮೊದಲು ಚೆಂಡನ್ನು ನೆಲಕ್ಕೆ ಕುಟ್ಟುತ್ತಿದ್ದಳು. ಮೂರು ಸಲ ಕುಟ್ಟಿದ್ದನ್ನು ನೋಡಿದೆ. ಆಮೇಲೆ ಸೀಟಿ ಕೇಳಿಸಿತು, ಚೆಂಡು ನನ್ನ ಪಾದದ ಹತ್ತಿರ ಉರುಳುತ್ತಿತ್ತು. ನಡುವಿನದ್ದು ಇಲ್ಲ. ಯಾವಾಗ ಹೊಡೆದಳು, ಹೇಗೆ ಬಂತು, ಏನೂ ಇಲ್ಲ. "ಐದು, ನಿದ್ದೆನಾ?" ಎಂದು ಯಾರೋ ಕೂಗಿದರು. ಇಲ್ಲಿಗೆ ಬಂದ ಮೇಲೆ ಇದು ಮೂರನೆಯ ಸಲ. ಅಲ್ಲಿ ಆಡುವಾಗ ಹೀಗೆ ಚೆಂಡು ಬಿಟ್ಟದ್ದು ನನಗೆ ನೆನಪಿಲ್ಲ. ನೀನು ನೋಡಿದ್ದೀಯಾ?

ಡಿಸೆಂಬರಿನ ತನಕ ನನ್ನನ್ನು ಪರೀಕ್ಷೆಗೆಂದು ಇಟ್ಟುಕೊಂಡಿದ್ದಾರೆ. ಹೀಗೇ ಆದರೆ ಕಳಿಸುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಆ ನಡುವೆ ನಾನು ಎಲ್ಲಿದ್ದೆ ಎಂದು ಯೋಚಿಸಿದರೆ ಹೆದರಿಕೆಯಾಗುತ್ತದೆ.

ನಿನ್ನ
ಪುಟ್ಟಿ

ಜುಲೈ 13

ಪುಟ್ಟಿ,

ಹೊಸಬರಿಬ್ಬರೂ ಕಳೆದ ವಾರ ಬಂದರು. ಇಬ್ಬರ ಆಟವೂ ಚೆನ್ನಾಗಿದೆ. ಹೀಗೆಂದು ಮೊದಲು ಹೇಳಿದವಳು ನಿನ್ನ ಗೆಳತಿ ಉದ್ದಿಯೇ, ನಾನು ಒಪ್ಪಬೇಕಾಯಿತು. ಒಬ್ಬಳು ಬಾಯಿ ಬಿಡುವುದಿಲ್ಲ. ಇನ್ನೊಬ್ಬಳು ಬಾಯಿ ಮುಚ್ಚುವುದಿಲ್ಲ. ಎಲ್ಲದಕ್ಕೂ ಯಾಕೆ, ಏನು, ಎಂದಿನಿಂದ. ಹುಡುಗಿಯರು ಅವಳಿಗೆ ಪ್ರಶ್ನೆಪತ್ರಿಕೆ ಎಂದು ಹೆಸರಿಟ್ಟಿದ್ದಾರೆ. ನಿನ್ನ ಜಾಗದಲ್ಲಿ ನಿಲ್ಲುವವಳು ಅವಳು.

ನೀನು ಬರೆದದ್ದಕ್ಕೆ ಕಾರಣ ಹೊಂದಾಣಿಕೆಯ ಕೊರತೆ. ಒಟ್ಟಿಗೆ ಬೆಳೆಯದವರು ಒಟ್ಟಿಗೆ ಆಡುವಾಗ ಹೀಗಾಗುತ್ತದೆ. ನಮ್ಮ ಪದ್ಧತಿಯನ್ನು ಅಲ್ಲೂ ಕಲಿಸು. ಎದುರಿನವರು ಸರ್ವ್ ಮಾಡುವ ಮೊದಲು ಬಲಗಡೆಯವಳು "ಇದ್ದೀಯಾ?" ಎನ್ನಬೇಕು, ನೀನು "ಇದ್ದೀನಿ" ಎನ್ನಬೇಕು. ಉತ್ತರ ಬಾರದಿದ್ದರೆ ಅವಳು ಎಡಕ್ಕೆ ಎರಡು ಹೆಜ್ಜೆ ಇಟ್ಟು ನಿನ್ನ ಚೆಂಡನ್ನೂ ತಾನೇ ತೆಗೆಯಬೇಕು. ಪೇಪರಿನವರು ಇದನ್ನೇ ಹೊಗಳಿ, 'ಒಂದೇ ಮೈಯಂತೆ ಆಡುವ ತಂಡ' ಎಂದು ಬರೆದಿದ್ದರು.

ಮೊನ್ನೆ ಉದ್ದಿ ಎಂದಿನಂತೆ "ಇದ್ದೀಯಾ?" ಎಂದಳು. ಪ್ರಶ್ನೆಪತ್ರಿಕೆ ಆಟ ನಿಲ್ಲಿಸಿ, "ಇಲ್ದೆ ಇನ್ನೆಲ್ಲಿಗೆ ಹೋಗ್ಲಿ? ಕಣ್ಣೆದುರೇ ನಿಂತಿದೀನಲ್ಲ. ಯಾರಿಗೋಸ್ಕರ ಶುರು ಮಾಡಿದ್ದು ಇದನ್ನ?" ಎಂದು ಕೇಳಿದಳು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಸೀಟಿ ಊದಿದೆ.

ಸರಿಯಾಗಿ ನಿದ್ದೆ ಮಾಡು. ಹೊತ್ತಿಗೆ ಸರಿಯಾಗಿ ತಿನ್ನು. ಡಾಕ್ಟರ ಹತ್ತಿರ ಹೋಗುವಂಥದ್ದೇನೂ ಅಲ್ಲ.

ನಿನ್ನ
ಅಪ್ಪ

ಆಗಸ್ಟ್ 5

ಅಪ್ಪ,

ಮೂಗಿನ ಮೂಳೆ ಮುರಿದಿಲ್ಲ. ಎಕ್ಸ್‌ರೇ ನೋಡಿ ಹಾಗೆಂದವರು ಕ್ಲಬ್ಬಿನ ಡಾಕ್ಟರು. ಕಣ್ಣಿನ ಕೆಳಗೆ ಊದಿಕೊಂಡಿದೆ, ಓದಲು ಬರೆಯಲು ತೊಂದರೆಯಿಲ್ಲ.

ನೀನು ಹೇಳಿದ ಪದ್ಧತಿಯನ್ನು ಕಲಿಸಲು ಹೋದೆ. ನನ್ನ ಬಲಗಡೆ ನಿಲ್ಲುವ ಎಂಟು, "ಹಾಜರಿ ಕರೆಯೋಕೆ ಇದೇನು ಶಾಲೆನಾ?" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅದೇ ಅಭ್ಯಾಸದಲ್ಲಿ ಒಂದು ಸ್ಮ್ಯಾಶ್ ನೇರ ಮುಖಕ್ಕೆ ಬಂತು. ಹಾಗೆಂದು ಆಮೇಲೆ ಹೇಳಿದರು. ನನಗೆ ನೆನಪಿರುವುದು ನೆಲದ ತಂಪು ಮತ್ತು ಬಾಯಲ್ಲಿ ರಕ್ತದ ರುಚಿ.

ಇಲ್ಲಿ ಎಲ್ಲ ಅಭ್ಯಾಸವನ್ನೂ ವೀಡಿಯೊ ಮಾಡುತ್ತಾರೆ. ಒಬ್ಬರ ಆಟ ಒಬ್ಬರಿಗೆ ಗೊತ್ತಿಲ್ಲವಲ್ಲ, ಸೋಮವಾರ ಕೂತು ನೋಡಿ ಕಲಿಯುತ್ತೇವೆ. ಈ ಸೋಮವಾರ ಎಲ್ಲರೂ ಎದ್ದುಹೋದ ಮೇಲೆ ಕ್ಯಾಪ್ಟನ್ ನನ್ನನ್ನು ಮಾತ್ರ ಕೂರಿಸಿಕೊಂಡಳು. ಸಣ್ಣ ಕೋಣೆ, ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೆ ಒಂದು ಪರದೆ. "ಇದನ್ನ ನೋಡು. ಎಣಿಸು" ಎಂದಳು.

ಎಣಿಸಿದೆ. ಒಂಬತ್ತು ಸೆಕೆಂಡು. ಆಟ ನಡೆಯುತ್ತಿದೆ, ಐವರು ಓಡುತ್ತಿದ್ದಾರೆ, ನಾನು ನಿಂತಿದ್ದೇನೆ. ಬಾಯಿ ಸ್ವಲ್ಪ ತೆರೆದಿದೆ. ರೆಪ್ಪೆ ಅದುರುತ್ತಿದೆ. ಬಲಗೈಯ ಬೆರಳುಗಳು ಜೆರ್ಸಿಯ ಅಂಚನ್ನು ಉಜ್ಜುತ್ತಿವೆ. ಚೆಂಡು ಬರುವುದು ಕಾಣುತ್ತದೆ, ಕೈ ಮೇಲೇಳುವುದಿಲ್ಲ. ಅದು ನಾನೇ. ಆದರೆ ಅವಳನ್ನು ನಾನು ಯಾವತ್ತೂ ನೋಡಿರಲಿಲ್ಲ.

"ನಿನ್ನ ಮೇಲೆ ದೂರು ಹೇಳ್ತಿಲ್ಲ. ನಾಲ್ಕು ಕ್ಲಬ್ಬಲ್ಲಿ ಸೋಮಾರಿಗಳನ್ನ ನೋಡಿದೀನಿ, ನಿದ್ದೆಗೆಟ್ಟೋರನ್ನ ನೋಡಿದೀನಿ. ಇದು ಅದಲ್ಲ. ದೊಡ್ಡ ಡಾಕ್ಟರಿಗೆ ತೋರಿಸು" ಎಂದಳು.

ಆಗ ನಿನ್ನ ಕಾಗದ ನೆನಪಾಯಿತು. ಡಾಕ್ಟರ ಹತ್ತಿರ ಹೋಗುವಂಥದ್ದಲ್ಲ ಎಂದು ಬರೆದಿದ್ದೀಯ. ಡಾಕ್ಟರ ಮಾತು ನಾನು ಎತ್ತಿರಲೇ ಇಲ್ಲ ಅಪ್ಪ.

ನಿನ್ನ
ಪುಟ್ಟಿ

ಆಗಸ್ಟ್ 14

ಪುಟ್ಟಿ,

ಬಂದುಬಿಡು. ಸಮಿತಿಯನ್ನು ನಾನು ಒಪ್ಪಿಸುತ್ತೇನೆ, ಪ್ರಶ್ನೆಪತ್ರಿಕೆಯನ್ನು ಬೇರೆ ಕಡೆ ನಿಲ್ಲಿಸುತ್ತೇನೆ. ಉದ್ದಿ ನಿನ್ನ ಬಲಗಡೆ ಇರುತ್ತಾಳೆ, ಹಿಂದಿನ ಹಾಗೆಯೇ ಆಡಬಹುದು. ಒಂದು ವೀಡಿಯೊ ನೋಡಿ ಹೆದರಬೇಡ. ಯಾರಿಗೂ ಏನೂ ಬರೆದು ಕೊಡಬೇಡ, ಯಾವ ಅರ್ಜಿಗೂ ಸಹಿ ಹಾಕಬೇಡ. ಮೊದಲು ಬಾ.

ಅಪ್ಪ

ಆಗಸ್ಟ್ 27

ಲೇ ಪುಟ್ಟಿ,

ಇಲ್ಲಿ ಆಡುವಾಗಲೂ ನಿನಗೆ ಹೀಗಾಗುತ್ತಿತ್ತಾ ಎಂದು ಕೇಳಿದ್ದೀಯಲ್ಲ, ಉತ್ತರ: ಹೌದು. ಎಷ್ಟು ಸಲ ಎಂದು ಎಣಿಸಿಲ್ಲ. ಒಂದು ಪಂದ್ಯದಲ್ಲಿ ಒಂದೋ ಎರಡೋ, ಜೋರಾಗಿ ಓಡಿದ ಮೇಲೆ ಇನ್ನೊಂದು. "ಇದ್ದೀಯಾ" ಅಂದರೆ ನೀನು ಸುಮ್ಮನಿರುತ್ತಿದ್ದೆ, ನಾನು ಎಡಕ್ಕೆ ಬರುತ್ತಿದ್ದೆ. ಚೆಂಡು ಆ ಕಡೆ ಹೋಗುವಷ್ಟರಲ್ಲಿ ನೀನು ಮತ್ತೆ ಓಡುತ್ತಿದ್ದೆ. ನಿನಗೆ ಗೊತ್ತಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ಆಣೆ ಮಾಡಿ ಹೇಳುತ್ತೇನೆ.

ನಮಗೆ ಹತ್ತು ವರ್ಷ ಇದ್ದಾಗ ಸರ್ ನನ್ನನ್ನು ಚೆಂಡು ಇಡುವ ಕೋಣೆಗೆ ಕರೆದರು. "ಅವಳು ಉತ್ತರ ಕೊಡ್ಲಿಲ್ಲ ಅಂದ್ರೆ ನೀನು ಹೋಗು. ಯಾಕೆ ಅಂತ ಕೇಳ್ಬೇಡ. ಅವಳ ಹತ್ರಾನೂ ಆ ಮಾತು ಎತ್ಬೇಡ" ಎಂದರು. ನಾನು ಕೇಳಲಿಲ್ಲ. ಬೇರೆಯವರಿಗೂ ಒಬ್ಬೊಬ್ಬರಿಗೆ ಹಾಗೇ ಹೇಳಿದ್ದಾರೆ. ಮೊನ್ನೆ ಎಲ್ಲರೂ ಕೂತು ಮಾತಾಡಿದಾಗ ಅದು ಹೊರಬಿತ್ತು. ಪ್ರತಿಯೊಬ್ಬಳೂ ತಾನೊಬ್ಬಳೇ ಗುಟ್ಟು ಕಾಯುತ್ತಿದ್ದೇನೆ ಎಂದುಕೊಂಡಿದ್ದಳು. ಎಷ್ಟು ಜಾಣ ತಂಡ ನೋಡು.

ರಸ್ತೆ ದಾಟುವಾಗ ನಿನ್ನ ಬ್ಯಾಗಿನ ಪಟ್ಟಿ ಹಿಡಿದುಕೊಳ್ಳುತ್ತಿದ್ದೆನಲ್ಲ, "ನಾನೇನು ಹಸುವಾ?" ಎಂದು ಬೈಯುತ್ತಿದ್ದೆ. ಈಗ ಅಲ್ಲಿ ಎಷ್ಟು ರಸ್ತೆ ದಾಟುತ್ತೀಯೋ ಎಂದು ಯೋಚಿಸಿದರೆ ಊಟ ಸೇರುವುದಿಲ್ಲ. ಸರ್ ಬೈದರೂ ಸರಿ, ಡಾಕ್ಟರಿಗೆ ತೋರಿಸು.

ನಿನ್ನ
ಉದ್ದಿ

ಸೆಪ್ಟೆಂಬರ್ 3

ಸರ್,

ನಾನು ಮಂಗಳವಾರ ನರರೋಗದ ಡಾಕ್ಟರನ್ನು ನೋಡಿದೆ. ಇದು ಮೂರ್ಛೆರೋಗದ ಒಂದು ಬಗೆ ಇರಬಹುದು ಎಂದು ಅವರು ಹೇಳಿದರು. ಬಿದ್ದು ಒದ್ದಾಡುವಂಥದ್ದಲ್ಲ, ನಿಂತಲ್ಲೇ ಕೆಲವು ಕ್ಷಣ ಇಲ್ಲವಾಗುವಂಥದ್ದು. ಪರೀಕ್ಷೆ ಮಾಡದೆ ಖಚಿತವಾಗಿ ಹೇಳಲಾರೆ ಎಂದೂ ಹೇಳಿದರು. ಮದ್ದಿಲ್ಲದೆ ಹಾಗೇ ಬಿಟ್ಟರೆ ಮುಂದೆ ಬಿದ್ದು ಒದ್ದಾಡುವುದೂ ಶುರುವಾಗಬಹುದು. ಹೆಚ್ಚಿನವರಿಗೆ ಮಾತ್ರೆಯಿಂದ ಹತೋಟಿಗೆ ಬರುತ್ತದೆ.

ಹೊರಡುವಾಗ ಅಚ್ಚಾದ ಒಂದು ಹಾಳೆ ಕೊಟ್ಟರು. ಪರೀಕ್ಷೆಯ ತನಕ ಪಾಲಿಸಬೇಕಾದ ಆರು ಸೂಚನೆ. ಒಂದು, ಸ್ನಾನದ ಮನೆಗೆ ಚಿಲಕ ಹಾಕಬಾರದು. ಎರಡು, ಸೈಕಲ್. ಮೂರು, ಒಲೆ. ನಾಲ್ಕು, ಈಜು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಿಮ್ಮ ಜೂನ್ ತಿಂಗಳ ಕಾಗದವನ್ನು ಪಕ್ಕದಲ್ಲಿಟ್ಟು ಓದಿದೆ. ಕ್ರಮ ಕೂಡ ಅದೇ.

"ಚಿಕ್ಕಂದಿನಲ್ಲಿ ಹೀಗಾಗ್ತಿತ್ತಾ?" ಎಂದು ಡಾಕ್ಟರು ಕೇಳಿದಾಗ ಇಲ್ಲ ಎಂದಿದ್ದೆ. ಉದ್ದಿಯ ಕಾಗದ ಕೈಗೆ ಬಂದದ್ದು ನಿನ್ನೆ. ಇಡೀ ತಂಡಕ್ಕೆ ಗೊತ್ತಿದ್ದದ್ದು ನನಗೊಬ್ಬಳಿಗೆ ಗೊತ್ತಿರಲಿಲ್ಲ. ಅವರೆಲ್ಲ ನನ್ನನ್ನು ಕಾದರು ಎಂದು ಅಳಬೇಕೋ, ನನ್ನಿಂದ ಮುಚ್ಚಿಟ್ಟರು ಎಂದು ಅಳಬೇಕೋ ತಿಳಿಯುತ್ತಿಲ್ಲ. ನನ್ನ ಹೆಸರನ್ನೂ ಕರೆಯದವರು ಎರಡು ತಿಂಗಳಲ್ಲಿ ಕಂಡು, ಎದುರಿಗೆ ಕೂರಿಸಿ ಹೇಳಿದರು.

ನಾನು ಅಲ್ಲಿಗೆ ಬರುವುದಿಲ್ಲ. ನಿಮಗೆ ಎಂದಿನಿಂದ ಗೊತ್ತು ಸರ್? ಅದೊಂದನ್ನು ಬರೆಯಿರಿ.

ಐದು

ಸೆಪ್ಟೆಂಬರ್ 15

ಪುಟ್ಟಿ,

ಹದಿಮೂರು ವರ್ಷದಿಂದ ಗೊತ್ತು. ನಿನಗೆ ಒಂಬತ್ತು ವರ್ಷವಿದ್ದಾಗ, ಪಾಠದ ನಡುವೆ ಹುಡುಗಿ ಎಲ್ಲೋ ಹೋಗಿ ಬರುತ್ತಾಳೆ ಎಂದು ಮೊದಲು ಹೇಳಿದವರು ನಿನ್ನ ಲೆಕ್ಕದ ಟೀಚರು. ಡಾಕ್ಟರಿಗೆ ತೋರಿಸಿದೆ. ಅವರು ಅಂಥದ್ದೇ ಒಂದು ಹಾಳೆ ಕೊಟ್ಟು, ಪರೀಕ್ಷೆಗೆ ದಿನ ಬರೆದುಕೊಟ್ಟರು. ಹಿಂದಿನ ದಿನ ನಾನೇ ಹೋಗಿ ಅದನ್ನು ರದ್ದು ಮಾಡಿಸಿದೆ. ನಿನ್ನಮ್ಮನಿಗೆ ಎಲ್ಲ ಸರಿಯಿದೆಯಂತೆ ಎಂದು ಹೇಳಿದೆ. ಹಾಳೆ ಹಳೆಯ ಸ್ಕೋರ್ ಪುಸ್ತಕಗಳ ಕೆಳಗಿದೆ.

ನನಗೊಬ್ಬಳು ತಂಗಿಯಿದ್ದಳು, ಗೊತ್ತಲ್ಲ, ಫೋಟೋದಲ್ಲಿರುವ ನಿನ್ನ ಅತ್ತೆ. ಜ್ವರದಿಂದ ತೀರಿಕೊಂಡಳು ಎಂದು ನಿನಗೆ ಹೇಳಿದ್ದೇವೆ. ಜ್ವರವಲ್ಲ. ಅವಳಿಗೂ ಇದೇ ಇತ್ತು. ಗೊತ್ತಾದ ದಿನವೇ ಶಾಲೆ ಬಿಡಿಸಿದರು, ಓಡಬೇಡ ಎಂದರು, ಬಂದವರ ಎದುರು ಬರಬೇಡ ಎಂದರು. ನಾಲ್ಕು ಜನಕ್ಕೆ ತಿಳಿಯುತ್ತದೆಂದು ಮದ್ದನ್ನೂ ಕೊಡಿಸಲಿಲ್ಲ. ಎಂಟು ವರ್ಷ ಕಿಟಕಿಯ ಹತ್ತಿರ ಕೂತಳು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಬೆಳಗ್ಗೆ ಸ್ನಾನಕ್ಕೆ ಹೋದವಳು ಹೊರಗೆ ಬರಲಿಲ್ಲ. ಒಳಗಿನಿಂದ ಚಿಲಕ ಹಾಕಿತ್ತು. ಬಾಗಿಲು ಒಡೆದವನು ನಾನು.

ನಿನ್ನನ್ನು ಕಿಟಕಿಯ ಹತ್ತಿರ ಕೂರಿಸಬಾರದು ಎಂದು ಓಡಲು ಬಿಟ್ಟೆ. ಬಿದ್ದರೆ ಹಿಡಿಯಲು ಸುತ್ತ ಜನರನ್ನು ನಿಲ್ಲಿಸಿದೆ. ಆಗ ಅದು ಸರಿಯೆನಿಸಿತ್ತು. ಈಗ ಲೆಕ್ಕ ಹಾಕಿದರೆ ನಮ್ಮಪ್ಪ ಮಾಡಿದ್ದನ್ನೇ ಮಾಡಿದ್ದೇನೆ. ಅವರು ಮನೆಯೊಳಗೆ ಮುಚ್ಚಿಟ್ಟರು, ನಾನು ಅಂಕಣದ ನಡುವೆ ಮುಚ್ಚಿಟ್ಟೆ. ಇಬ್ಬರೂ ಮದ್ದು ಕೊಡಿಸಲಿಲ್ಲ.

ಬೆಳೆಸಿದ ತಂಡವೇ ಗಟ್ಟಿ, ಹೊರಗಿನವರು ಬಂದರೆ ಒಗ್ಗಟ್ಟು ಒಡೆಯುತ್ತದೆ ಎಂದು ಎಷ್ಟು ಕಡೆ ಭಾಷಣ ಮಾಡಿದ್ದೇನೋ. ಸ್ವಲ್ಪ ನಂಬಿದ್ದೆ ಕೂಡ. ಆದರೆ ಹೊರಗಿನವರ ಆಟಕ್ಕೆ ನಾನು ಹೆದರಲಿಲ್ಲ. ನಾನು ಬೆಳೆಸಿದವರು ಯಾಕೆಂದು ಕೇಳುವುದಿಲ್ಲ, ಹೊರಗಿನವರು ಕೇಳುತ್ತಾರೆ. ಅದಕ್ಕೆ ಹೆದರಿದೆ.

ನಿನಗೆ ಬೇಕಾದ್ದನ್ನು ಬೈದು ಬರೆ. ಸುಮ್ಮನಿರಬೇಡ. ಪೋಸ್ಟಿನವನು ಗೇಟು ದಾಟಿ ಮುಂದೆ ಹೋದಾಗ ನನಗೆ ಆಗುವುದನ್ನು ಬರೆಯಲಾರೆ.

ಅಪ್ಪ

ಸೆಪ್ಟೆಂಬರ್ 24

ಅಪ್ಪ,

ಪರೀಕ್ಷೆಯ ದಿನ ಗೊತ್ತಾಯಿತು, ಅಕ್ಟೋಬರ್ 8. ಆಸ್ಪತ್ರೆಯಿಂದ ಫೋನ್ ಮಾಡಿ ತಿಳಿಸಿದರು, ಹೊತ್ತು ಮತ್ತು ಕೋಣೆಯ ನಂಬರನ್ನು ಚೀಟಿಯಲ್ಲಿ ಬರೆದು ಜೊತೆಗಿಟ್ಟಿದ್ದೇನೆ. ಅಲ್ಲಿಯ ತನಕ ಅಂಕಣಕ್ಕೆ ಇಳಿಯುವ ಹಾಗಿಲ್ಲ. ನಾನೇ ಮ್ಯಾನೇಜರರಿಗೆ ಹೇಳಿದೆ, ತಂಡಕ್ಕೂ ಹೇಳಿದೆ. ಎಂಟು ನನ್ನ ಹಿಂದೆಯೇ ಹೊರಗೆ ಬಂದು, "ಹಾಜರಿ ಅಂತ ನಕ್ಕಿದ್ನಲ್ಲ, ಮೊದಲೇ ಹೇಳೋದಲ್ವಾ?" ಎಂದಳು. ನನಗೇ ಗೊತ್ತಿರಲಿಲ್ಲ ಎಂದರೆ ನಂಬಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಕ್ಯಾಪ್ಟನ್ ಸ್ಕ್ರೂ ಡ್ರೈವರ್ ತಂದು ನಮ್ಮ ಸ್ನಾನದ ಮನೆಯ ಚಿಲಕವನ್ನೇ ಬಿಚ್ಚಿಹಾಕಿದಳು. ವಾರ್ಡನ್ ಬೈದರು.

ಆಡಬಹುದೋ ಇಲ್ಲವೋ ಪರೀಕ್ಷೆಯ ಮೊದಲು ಯಾರೂ ಹೇಳುವುದಿಲ್ಲ. ಇಲ್ಲಿ ನನ್ನ ಜಾಗಕ್ಕೆ ಆಗಲೇ ಬೇರೊಬ್ಬಳನ್ನು ಹುಡುಕುತ್ತಿದ್ದಾರೆ. ಹಾಗೆ ಮಾಡುವುದು ಇಲ್ಲಿಯ ರೀತಿ, ನನಗೆ ಕೋಪವಿಲ್ಲ. ನಿನ್ನ ಮೇಲೆ ಇದೆ, ಇನ್ನೂ ಬಹಳ ದಿನ ಇರುತ್ತದೆ. ಅತ್ತೆಯ ಬಗ್ಗೆ ಓದಿದ ಮೇಲೆ ಅದಕ್ಕೆ ಏನು ಮಾಡಬೇಕೋ ತಿಳಿಯದಂತಾಗಿದೆ.

ಪರೀಕ್ಷೆಯಲ್ಲಿ ತಲೆಗೆ ತಂತಿಗಳನ್ನು ಅಂಟಿಸುತ್ತಾರೆ. ಮೂರು ನಿಮಿಷ ಜೋರಾಗಿ ಉಸಿರೆಳೆದು ಬಿಡಲು ಹೇಳುತ್ತಾರೆ, ಅದು ಬರಲಿ ಎಂದೇ. ನನಗೆ ಅದೇ ಹೆದರಿಕೆ. ಇಷ್ಟು ದಿನ ತಾನಾಗಿ ಬರುತ್ತಿದ್ದದ್ದನ್ನು ನಾನೇ ಕೂತು ಕರೆಯಬೇಕು.

ಚಿಕ್ಕಂದಿನಿಂದ ನೋಡಿದವರು ಒಬ್ಬರು ಬೇಕು ಎಂದು ಡಾಕ್ಟರು ಹೇಳಿದ್ದಾರೆ. ನೀನು ಬಾ. ಕೋಣೆಯೊಳಗೆ ಕೂರಬಹುದು. ಆದರೆ ನಾನು ನಿಂತುಹೋದರೆ ಕರೆಯಬಾರದು, ಮುಟ್ಟಬಾರದು. ಅವರಿಗೆ ಅದು ಕಾಣಬೇಕು.

ಪುಟ್ಟಿ

ಸೆಪ್ಟೆಂಬರ್ 29

ಪುಟ್ಟಿ,

ನಿನ್ನಮ್ಮನಿಗೆ ಭಾನುವಾರ ಎಲ್ಲ ಹೇಳಿದೆ. ಆಮೇಲೆ ಅವಳು ನನ್ನ ಜೊತೆ ಮಾತಾಡಿಲ್ಲ. ತಾನೂ ಬರುತ್ತಾಳೆಂದು ನನಗೆ ತಿಳಿಸಿದ್ದು ಪಕ್ಕದ ಮನೆಯವರು, ಬೀಗದ ಕೈಯನ್ನು ಅವರಿಗೆ ಕೊಡಲು ಹೋಗಿದ್ದಳಂತೆ.

ಹುಡುಗಿಯರಿಗೂ ಹೇಳಿದೆ. ಸಾಲಾಗಿ ಕೂರಿಸಿ, ಮೊದಲಿನಿಂದ. ಉದ್ದಿ ತಲೆ ಎತ್ತಲಿಲ್ಲ. ಪ್ರಶ್ನೆಪತ್ರಿಕೆ, "ಮಾತ್ರೆ ಸರಿಹೋದ್ರೆ ಅವಳು ಆಡ್ಬಹುದಾ ಸರ್?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. "ಯಾರಿಗೆ ಗೊತ್ತಿರುತ್ತೆ?" ಎಂದಳು. ಡಾಕ್ಟರಿಗೆ ಎಂದೆ. ಇಷ್ಟು ಸುಲಭದ ಉತ್ತರವನ್ನು ನಾನು ಯಾರಿಗೂ ಕೊಟ್ಟಿರಲಿಲ್ಲ.

ಡಾಕ್ಟರಿಗಾಗಿ ಬರೆದಿಟ್ಟಿದ್ದೇನೆ, ಎರಡು ಹಾಳೆ: ಯಾವ ವರ್ಷ, ಎಲ್ಲಿ, ಎಷ್ಟು ಹೊತ್ತು. ತಂಗಿಯದ್ದು ಬೇರೆ ಹಾಳೆ. ಬರೆದರೆ ಹೆದರಿಕೆ ಕಡಿಮೆಯಾದೀತು ಎಂದುಕೊಂಡಿದ್ದೆ. ಆಗಿಲ್ಲ. ನೀನು ಹೇಳಿದ ಹಾಗೆ ಸುಮ್ಮನೆ ಕೂರುತ್ತೇನೆ. ಅದು ನನ್ನಿಂದ ಆಗುತ್ತದೆಯೋ ಇಲ್ಲವೋ ಗೊತ್ತಿಲ್ಲ. ಆಗದಂತೆ ಕಂಡರೆ ನನ್ನನ್ನು ಹೊರಗೆ ಕಳಿಸಲು ಅವರಿಗೆ ಹೇಳಿಡು.

ನಾವು ಮುಂದಿನ ಬುಧವಾರ ಬೆಳಗ್ಗೆ ಆರೂವರೆಯ ಬಸ್ಸಿಗೆ ಹೊರಡುತ್ತೇವೆ. ಪರೀಕ್ಷೆ ಗುರುವಾರ, ಅಕ್ಟೋಬರ್ 8, ಬೆಳಗ್ಗೆ ಒಂಬತ್ತೂವರೆಗೆ, ಮೂರನೇ ಮಹಡಿ, ಹನ್ನೆರಡನೇ ಕೋಣೆ.

ಅಪ್ಪ